ಗೆದ್ದ ಹುಡುಗನನ್ನು ನೋಡಿದ್ದಾಯ್ತು, ಮೇಷ್ಟ್ರನ್ನೂ ಸ್ವಲ್ಪ ನೋಡಿ

2022ರ ಜೂನ್‌ನಲ್ಲಿ ಅಮೆರಿಕದ ಫೋರ್ಟ್ ವರ್ತ್‌ನಲ್ಲಿ ವ್ಯಾನ್ ಕ್ಲೈಬರ್ನ್ ಪಿಯಾನೊ ಸ್ಪರ್ಧೆ ನಡೆಯಿತು. ಯುನ್‌ಚಾನ್ ಲಿಮ್ ಅನ್ನೋ ಹದಿನೆಂಟರ ಕೊರಿಯನ್ ಹುಡುಗ ಚಿನ್ನದ ಪದಕ ಗೆದ್ದ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅದನ್ನು ಯಾರೂ ಗೆದ್ದಿರಲಿಲ್ಲ. ಫೈನಲ್‌ನಲ್ಲಿ ಅವನು ನುಡಿಸಿದ ರಾಖ್ಮನಿನಾಫ್ ಮೂರನೇ ಕನ್ಚರ್ಟೊವನ್ನು (ಪಿಯಾನೊ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿ) ಯೂಟ್ಯೂಬ್‌ನಲ್ಲಿ ಕೋಟಿಗೂ ಜಾಸ್ತಿ ಸಲ ಜನ ನೋಡಿದ್ದಾರೆ. ಮುಗಿಯುವ ಹೊತ್ತಿಗೆ ವಾದ್ಯವೃಂದ ನಡೆಸುವ ಕಂಡಕ್ಟರ್ ಮರೀನ್ ಆಲ್ಸಪ್ ಕಣ್ಣೊರೆಸಿಕೊಳ್ಳುತ್ತಾರೆ.

ಆ ವಿಡಿಯೊ ಶೇರ್ ಮಾಡುವವರೆಲ್ಲ ಬರೆಯೋದು ಒಂದೇ ಮಾತು: ದೇವರು ಕೊಟ್ಟ ವರ. ನನಗೆ ಇದನ್ನು ಓದಿದರೆ ಸ್ವಲ್ಪ ಸಿಟ್ಟು ಬರುತ್ತದೆ. ದೇವರು ಕೊಟ್ಟಿರಬಹುದು, ಇಲ್ಲ ಅನ್ನಲ್ಲ. ಆದರೆ ಹದಿಮೂರನೇ ವಯಸ್ಸಿನಿಂದ ಆ ಹುಡುಗನಿಗೆ ಪಾಠ ಹೇಳಿದ್ದು ದೇವರಲ್ಲ, ಅವನ ಪಿಯಾನೊ ಮೇಷ್ಟ್ರು ಸೋನ್ ಮಿನ್ಸು.

ನಮ್ಮಲ್ಲಿ ಸಂಗೀತ ಕಚೇರಿ ಚೆನ್ನಾಗಿ ಆಯಿತು ಅಂದರೆ ಪಕ್ಕದಲ್ಲಿ ಕೂತವರು ಮೊದಲು ಕೇಳೋದೇ "ಯಾರ ಶಿಷ್ಯ?" ಅಂತ. ಅದೇ ನಾವು ಪಿಯಾನೊ ವಿಷಯಕ್ಕೆ ಬಂದಾಗ ಯಾಕೆ ಕೇಳಲ್ಲ?

ಸೋನ್ ಮಿನ್ಸು ಹುಟ್ಟಿದ್ದು 1976ರಲ್ಲಿ. ಬಾಸ್ಟನ್‌ನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ರಸೆಲ್ ಶೆರ್ಮನ್ ಮತ್ತು ಅವರ ಹೆಂಡತಿ, ಕೊರಿಯಾದವರೇ ಆದ ಹ್ವಾ ಕ್ಯುಂಗ್ ಬ್ಯುನ್, ಇಬ್ಬರ ಹತ್ತಿರವೂ ಕಲಿತರು. ಶೆರ್ಮನ್ ಕಲಿತದ್ದು ಎಡ್ವರ್ಡ್ ಸ್ಟೊಯರ್‌ಮನ್ ಹತ್ತಿರ, ಸ್ಟೊಯರ್‌ಮನ್ ಕಲಿತದ್ದು ಯುರೋಪಿನ ದೊಡ್ಡ ಪಿಯಾನೊ ವಾದಕ ಬುಸೋನಿ ಹತ್ತಿರ. ಅಂದರೆ ಹಳೇ ಯುರೋಪಿನ ಪಾಠ ಬಾಸ್ಟನ್‌ಗೆ ಬಂದು, ಅಲ್ಲಿಂದ ಸಿಯೋಲ್ ಮುಟ್ಟಿತು. "ಕೊರಿಯಾದವರು ಬರೀ ಪ್ರಾಕ್ಟೀಸ್ ಮೆಷಿನ್‌ಗಳು" ಅಂತ ಸಲೀಸಾಗಿ ಹೇಳುವವರು ಈ ಸರಣಿಯನ್ನು ಒಮ್ಮೆ ನೋಡಬೇಕು.

ಹಾಗಂತ ಪ್ರಾಕ್ಟೀಸ್ ಇಲ್ಲ ಅಂತಲ್ಲ. ಕೊರಿಯಾದಲ್ಲಿ ಅಪಾರ್ಟ್‌ಮೆಂಟ್‌ಗಳ ಪಕ್ಕದ ಅಂಗಡಿ ಸಾಲಿನಲ್ಲೇ ಪಿಯಾನೊ ಕ್ಲಾಸ್ ಇರುತ್ತದೆ. ಚಿಕ್ಕ ಚಿಕ್ಕ ಕೋಣೆ, ಒಂದೊಂದರಲ್ಲಿ ಒಂದೊಂದು ಪಿಯಾನೊ. ಅಭ್ಯಾಸದ ಪುಸ್ತಕಗಳೂ ಅವೇ: ಬೈಯರ್ ಮುಗಿಸಿ ಚೆರ್ನಿ, ಜೊತೆಗೆ ಹಾನನ್. ಮಗುವಿನ ನೋಟ್‌ಬುಕ್ಕಿನಲ್ಲಿ ಸೇಬಿನ ಚಿತ್ರಗಳಿರುತ್ತವೆ. ಒಂದು ಸಲ ನುಡಿಸಿದರೆ ಒಂದು ಸೇಬಿಗೆ ಬಣ್ಣ ತುಂಬಬೇಕು. ಒಂದೇ ಸಲ ನುಡಿಸಿ ಎಲ್ಲ ಸೇಬಿಗೂ ಬಣ್ಣ ಬಳಿದು ಮನೆಗೆ ಓಡಿದ್ದನ್ನು ಅಲ್ಲಿ ಬೆಳೆದವರು ಈಗಲೂ ಹೇಳಿಕೊಂಡು ನಗುತ್ತಾರೆ. ಲಿಮ್ ಏಳನೇ ವಯಸ್ಸಿನಲ್ಲಿ ಶುರು ಮಾಡಿದ್ದೂ ಇಂಥದ್ದೇ ಕ್ಲಾಸಿನಲ್ಲಿ. ಲಕ್ಷಾಂತರ ಮಕ್ಕಳು ಸೇಬಿಗೆ ಬಣ್ಣ ಹಚ್ಚಿದರು, ಎಲ್ಲರೂ ಲಿಮ್ ಆಗಲಿಲ್ಲ ಅಲ್ವಾ? ಪ್ರತಿಭೆ ಒಂದು ಕಾರಣ ಸರಿ. ಇನ್ನೊಂದು, ಆಮೇಲೆ ಯಾರ ಕೈಗೆ ಸಿಕ್ಕಿದ ಅನ್ನೋದು.

ಈಗ ನನ್ನ ಅಸಲಿ ತಕರಾರು. ವೇದಿಕೆಯಲ್ಲಿ ಗೆಲ್ಲಲಾಗದವರು ಪಾಠ ಹೇಳೋಕೆ ಕೂರುತ್ತಾರೆ ಅಂತ ನಾವೆಲ್ಲ ಒಳಗೊಳಗೇ ನಂಬಿದ್ದೇವೆ. ಸೋನ್ ಅವರ ದಾರಿ ಈ ನಂಬಿಕೆಗೆ ಒಗ್ಗುವುದಿಲ್ಲ. 2006ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ನಡೆದ ಹೊನೆನ್ಸ್ ಸ್ಪರ್ಧೆ ಗೆದ್ದರು. 2011ರಲ್ಲಿ ಅವರು ನುಡಿಸಿದ ಬಾಖ್‌ನ ಕೃತಿ 'ಗೋಲ್ಡ್‌ಬರ್ಗ್ ವೇರಿಯೇಶನ್ಸ್' ರೆಕಾರ್ಡ್ ಆಗಿ ಬಂತು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. 2015ರಿಂದ ಸಿಯೋಲ್‌ನ ಕೊರಿಯಾ ನ್ಯಾಷನಲ್ ಯುನಿವರ್ಸಿಟಿ ಆಫ್ ಆರ್ಟ್ಸ್. 2017ರಲ್ಲಿ ಲಿಮ್ ಶಿಷ್ಯನಾಗಿ ಸಿಕ್ಕ. ಆ ವರ್ಷಗಳಲ್ಲೇ ಮೇಷ್ಟ್ರು ಬೀಥೋವನ್‌ನ 32 ಸೊನಾಟಾಗಳನ್ನೂ ನುಡಿಸುತ್ತಿದ್ದರು. 2020ರಲ್ಲಿ ಅಷ್ಟೂ ಸಿ.ಡಿ. ಆಗಿ ಬಂತು. ಪಾಠ ಹೇಳುವವರೇ ಬೆಟ್ಟದಂಥ ಕೆಲಸ ಹೊತ್ತುಕೊಂಡು ನಡೆಯೋದನ್ನು ಹುಡುಗ ದಿನಾ ನೋಡುತ್ತಿದ್ದ. ಅದಕ್ಕಿಂತ ದೊಡ್ಡ ಪಾಠ ಏನಿದೆ?

ಕ್ಲೈಬರ್ನ್ ಸೆಮಿಫೈನಲ್‌ನಲ್ಲಿ ಲಿಸ್ಟ್‌ನ 12 ಟ್ರಾನ್ಸೆಂಡೆಂಟಲ್ ಎಟ್ಯೂಡ್‌ಗಳನ್ನೂ (ತುಂಬ ಕಷ್ಟದ ಪಿಯಾನೊ ಕೃತಿಗಳು) ಒಂದೇ ಏಟಿಗೆ ಲಿಮ್ ನುಡಿಸಿದನಲ್ಲ, ಒಂದು ಗಂಟೆಗೂ ಜಾಸ್ತಿ, ಆ ಧೈರ್ಯ ಎಲ್ಲಿಂದ ಬಂತು ಅಂತ ನನಗಂತೂ ಆಶ್ಚರ್ಯವಿಲ್ಲ. ಆದರೆ ಮೇಷ್ಟ್ರ ಕೈ ಕಾಣೋದು ಆ ಅಬ್ಬರದಲ್ಲಲ್ಲ. ರಾಖ್ಮನಿನಾಫ್ ಕನ್ಚರ್ಟೊದ ಶುರುವನ್ನು ಇನ್ನೊಮ್ಮೆ ಕೇಳಿ. ಎರಡೂ ಕೈ ನುಡಿಸೋದು ಒಂದೇ ಸ್ವರಸಾಲು, ಒಂದು ಕೈ ಮೇಲಿನ ಸ್ಥಾಯಿಯಲ್ಲಿ, ಇನ್ನೊಂದು ಕೆಳಗಿನದರಲ್ಲಿ. ಎರಡು ಮೂರು ವರ್ಷ ಕಲಿತ ಮಗುವಿಗೂ ಆ ಸ್ವರಗಳು ಸಿಗುತ್ತವೆ. ಲಿಮ್ ಅಲ್ಲಿ ಏನೂ ಮಾಡುವುದಿಲ್ಲ, ಸುಮ್ನೆ ಹಾಡಿಸುತ್ತಾನೆ. ಹಾಗೆ ಸುಮ್ಮನಿರೋದನ್ನು ಸೇಬಿನ ನೋಟ್‌ಬುಕ್ ಕಲಿಸಲ್ಲ.

2023ರಲ್ಲಿ ಸೋನ್ ತಾವು ಕಲಿತ ಬಾಸ್ಟನ್ ಶಾಲೆಗೇ ಮೇಷ್ಟ್ರಾಗಿ ಹೋದರು. ಅಷ್ಟರಲ್ಲಿ ಲೋಕವೆಲ್ಲ ಕರೆಯುತ್ತಿದ್ದ ಲಿಮ್, ಇನ್ನು ಯಾರ ಹತ್ತಿರವೂ ಕಲಿಯಬೇಕಿಲ್ಲ ಅನ್ನಬಹುದಿತ್ತು. ಅವನೂ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೇ ಹೋದ.

2025ರಲ್ಲಿ ಸಿಯೋಲ್‌ನಲ್ಲಿ ಗುರು ಶಿಷ್ಯ ಇಬ್ಬರೂ ಎರಡು ಪಿಯಾನೊ ಹಾಕಿಕೊಂಡು ಬ್ರಾಮ್ಸ್, ರಾಖ್ಮನಿನಾಫ್ ನುಡಿಸಿದರು. ಅದೇ ವರ್ಷ ಲಿಮ್ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಗೋಲ್ಡ್‌ಬರ್ಗ್ ನುಡಿಸಿದ. ಪತ್ರಿಕೆಯವರೆಲ್ಲ ಅವನ ಹಿಂದೆಯೇ. ಹುಡುಗನ ಬಗ್ಗೆ ಬರೆಯಲಿ, ಬೇಡ ಅನ್ನಲ್ಲ. ಆದರೆ ನೀವು ಅದನ್ನು ಕೇಳುವ ಮೊದಲು ಮೇಷ್ಟ್ರ 2011ರ ಗೋಲ್ಡ್‌ಬರ್ಗ್ ಹಾಕಿಕೊಂಡು ಕೇಳಿ. ಇಬ್ಬರದೂ ಒಂದೇ ಥರ ಇಲ್ಲ. ಅದಕ್ಕೇ ಅವರು ಒಳ್ಳೆ ಮೇಷ್ಟ್ರು ಅಂತ ನಾನು ಹೇಳೋದು.