ಎದುರುಮನೆಯ ಅಜ್ಜಿ ತಂದ ಅವರೆಕಾಯಿ

ಕಳೆದ ತಿಂಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ, ಹಳೆಯ ಕಾವಲು ಗೋಪುರದ ನೆರಳಿನಲ್ಲಿ ಬಹಳ ಹೊತ್ತು ಕುಳಿತಿದ್ದೆ. ಇಂದು ಧರಣಿ, ಸತ್ಯಾಗ್ರಹಗಳು ನಡೆಯುವ ಈ ಜಾಗ ಮೊದಲು ಕೇಂದ್ರ ಕಾರಾಗೃಹವಾಗಿತ್ತು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾದ ಮರುದಿನವೇ, ಸಂಸದೀಯ ಸಮಿತಿಯ ಸಭೆಗೆಂದು ಈ ಊರಿಗೆ ಬಂದಿದ್ದ ವಿರೋಧ ಪಕ್ಷಗಳ ನಾಯಕರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮತ್ತು ಶ್ಯಾಮನಂದನ ಮಿಶ್ರ ಅವರನ್ನು ಬಂಧಿಸಿ ಇಲ್ಲಿಗೆ ತರಲಾಯಿತು.

ನನ್ನನ್ನು ಕಾಡುವುದು ದಂಡವತೆ ದಂಪತಿಯ ಕಥೆ. ಗಂಡ ಬೆಂಗಳೂರಿನ ಜೈಲಿನಲ್ಲಿ, ಹೆಂಡತಿ ಪ್ರಮೀಳಾ ಪುಣೆಯ ಯರವಡಾದಲ್ಲಿ. ಬಿಡುಗಡೆ ಯಾವಾಗ ಎಂಬುದೇ ತಿಳಿಯದ ಆ ದಿನಗಳಲ್ಲಿ ಇಬ್ಬರೂ ಸುಮಾರು ಇನ್ನೂರು ಪತ್ರಗಳನ್ನು ಬರೆದುಕೊಂಡರು. ಇದೇ ಜೈಲಿನಲ್ಲಿ ನಟಿ ಸ್ನೇಹಲತಾ ರೆಡ್ಡಿ ಅವರೂ 1976ರ ಮೇ ತಿಂಗಳಿನಿಂದ ಬಂಧಿಯಾಗಿದ್ದರು. ತೀವ್ರ ಉಬ್ಬಸವಿದ್ದರೂ ತಕ್ಕ ಚಿಕಿತ್ಸೆ ಸಿಗದೆ ನರಳಿದರು. ಆ ಸ್ಥಿತಿಯಲ್ಲಿಯೂ ಜೊತೆಯ ಮಹಿಳಾ ಕೈದಿಗಳ ಮೇಲಿನ ಹೊಡೆತಗಳ ವಿರುದ್ಧ ದನಿಯೆತ್ತಿದರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದು ಐದೇ ದಿನಗಳಲ್ಲಿ ತೀರಿಕೊಂಡರು. ರಾತ್ರಿಯ ನಿಶ್ಶಬ್ದದಲ್ಲಿ ಅವರ ಚೀರಾಟ ತಮಗೆ ಕೇಳಿಸುತ್ತಿತ್ತೆಂದು ಮಧು ದಂಡವತೆ ಮುಂದೆ ಬರೆದರು. ಕೇಳಿಸುತ್ತಿತ್ತು, ಆದರೆ ಎದ್ದು ಹೋಗುವಂತಿರಲಿಲ್ಲ. ನಡುವೆ ಬೀಗ ಹಾಕಿದ ಬಾಗಿಲುಗಳಿದ್ದವು.

ನಮ್ಮ ಮನೆಯಲ್ಲಿಯೂ ಆ ಕಾಲದ ಒಂದು ನೆನಪಿದೆ. ತುಮಕೂರಿನಲ್ಲಿದ್ದ ನನ್ನ ದೊಡ್ಡಪ್ಪನನ್ನು ಕರಪತ್ರ ಹಂಚಿದ ಕಾರಣಕ್ಕೆ ಹಿಡಿದೊಯ್ದಿದ್ದರು. ಅವರಿಂದ ಬಂದ ಒಂದು ಕಾಗದ ಇಂದಿಗೂ ದೊಡ್ಡಮ್ಮನ ಟ್ರಂಕಿನಲ್ಲಿದೆ. ಅದರಲ್ಲಿ ಮೂರು ಸಾಲುಗಳಿಗೆ ಕಪ್ಪು ಶಾಯಿ ಬಳಿಯಲಾಗಿದೆ. ಉಳಿದಿರುವುದು ಕ್ಷೇಮ ಸಮಾಚಾರ ಮತ್ತು ಎಮ್ಮೆ ಗಬ್ಬವಾಯಿತೇ ಎಂಬ ವಿಚಾರಣೆ. ದೊಡ್ಡಮ್ಮನಿಗೆ ಬಂಧನಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಬೀದಿಯ ಮೌನ. ದಿನವೂ ಮಾತನಾಡಿಸುತ್ತಿದ್ದವರು ನಲ್ಲಿಯ ಬಳಿ ಮುಖ ತಿರುಗಿಸತೊಡಗಿದರು. ಅವರನ್ನು ದೂಷಿಸಲು ನನಗೆ ಮನಸ್ಸಿಲ್ಲ, ಅವರಿಗೂ ಮಕ್ಕಳಿದ್ದರು, ನೌಕರಿಗಳಿದ್ದವು. ಆದರೆ ಎದುರುಮನೆಯ ಅಜ್ಜಿ ಮಾತ್ರ, ಮಗ ಸರ್ಕಾರಿ ಕೆಲಸದಲ್ಲಿದ್ದರೂ, ದಿನವೂ ಸಂಜೆ "ಏನವ್ವ, ಒಲೆ ಹಚ್ಚಿದ್ಯಾ?" ಎನ್ನುತ್ತಾ ಒಳಗೆ ಬರುತ್ತಿದ್ದರಂತೆ. ಅವರೆಯ ಕಾಲದಲ್ಲಿ ಮಡಿಲ ತುಂಬ ಕಾಯಿ ತಂದು ಸುರಿದು, ಇಬ್ಬರೂ ಕುಳಿತು ಸುಲಿದು, ನೆನೆಸಿಟ್ಟ ಕಾಳನ್ನು ಮರುದಿನ ಹಿತುಕುತ್ತಿದ್ದರಂತೆ. ರಾಜಕೀಯದ ಒಂದು ಮಾತನ್ನೂ ಅವರು ಆಡಲಿಲ್ಲ. "ಅವರು ಬರದೇ ಇದ್ದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು ಕಣೋ" ಎಂದು ದೊಡ್ಡಮ್ಮ ಈಗಲೂ ಹೇಳುತ್ತಾರೆ.

ಇಷ್ಟನ್ನು ಬರೆಯಲು ಕಾರಣ ನನ್ನದೇ ಸ್ಥಿತಿ. ಸುದ್ದಿಗಳು ಭಾರವಾಗುತ್ತಾ ಹೋದಂತೆ ನಾನು ರಾತ್ರಿ ಎರಡು ಗಂಟೆಯವರೆಗೂ ಮೊಬೈಲ್ ಹಿಡಿದು ಕೂರತೊಡಗಿದೆ; ಎಲ್ಲವನ್ನೂ ಓದುವುದೇ ನೊಂದವರ ಪರವಾಗಿ ನಿಲ್ಲುವುದೆಂದು ನಂಬಿದ್ದೆ. ನಿದ್ದೆ ಹೋಯಿತು, ಮನೆಯವರ ಮೇಲೆ ಸಿಡುಕು ಬೆಳೆಯಿತು, ಯಾರಿಗೂ ಕಿಂಚಿತ್ತೂ ಉಪಕಾರವಾಗಲಿಲ್ಲ. ಭಯವು ಒಂಟಿಯಾಗಿರುವವರನ್ನೇ ಮೊದಲು ಹಿಡಿಯುತ್ತದೆ, ನಾನೇ ಬಾಗಿಲು ಹಾಕಿಕೊಂಡು ಅದಕ್ಕೆ ಜಾಗ ಮಾಡಿಕೊಟ್ಟಿದ್ದೆ. ಪರದೆಯ ಮೇಲಿನ ನರಳಾಟ ನನಗೂ ಕೇಳಿಸುತ್ತದೆ, ಆದರೆ ನನ್ನ ಬಾಗಿಲಿಗೆ ಹೊರಗಿನಿಂದ ಯಾರೂ ಬೀಗ ಹಾಕಿಲ್ಲ.

ಈಗ ರಾತ್ರಿ ಒಂಬತ್ತಕ್ಕೆ ಮೊಬೈಲನ್ನು ಅಡುಗೆಮನೆಯ ಗೂಡಿನಲ್ಲಿ ಇಡುತ್ತೇನೆ. ನಮ್ಮ ಬೀದಿಯ ಕೊನೆಯ ಮನೆಯ ಹುಡುಗನೊಬ್ಬ ಪ್ರತಿಭಟನೆಯೊಂದಕ್ಕೆ ಹೋಗಿ ಪ್ರಕರಣದಲ್ಲಿ ಸಿಲುಕಿದ್ದಾನೆ. ಅವನ ಹಲವು ಅಭಿಪ್ರಾಯಗಳು ನನಗೆ ಒಪ್ಪಿಗೆಯಿಲ್ಲ. ಅವನ ತಾಯಿ ಮೂರು ವಾರಗಳಿಂದ ಅಂಗಡಿಗೂ ಬರುತ್ತಿರಲಿಲ್ಲ. ಮೊನ್ನೆ ಭಾನುವಾರ ಹೆಂಡತಿಯೊಂದಿಗೆ ಅವರ ಮನೆಗೆ ಹೋಗಿದ್ದೆ. ಮೊದಲ ಹತ್ತು ನಿಮಿಷ ಯಾರಿಗೂ ಮಾತು ಹೊರಡಲಿಲ್ಲ. ಆಮೇಲೆ ಆ ತಾಯಿ ಎದ್ದು, ಹಾಲು ಇದೆಯೇ ನೋಡುತ್ತೇನೆ ಎಂದು ಒಳಗೆ ಹೋದರು.