ನುಸಿಯ ನಾಲಗೆ

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮಂಜು ಬೀಳೋಕೆ ಶುರುವಾಯಿತು ಅಂತ ಬೀರುವಿನಿಂದ ನನ್ನ ಉಣ್ಣೆ ಶಾಲು ತೆಗೆದೆ. ಕಿಟಕಿಗೆ ಹಿಡಿದರೆ ಜರಡಿ! ಏಳು ತೂತು. ಎರಡು ಸಲ ಎಣಿಸಿದೆ.

ತೂತಿಗಿಂತ ಉರಿ ಹತ್ತಿದ್ದು ಬೇರೆ ವಿಷಯಕ್ಕೆ. ಅದೇ ಅರೆಯಲ್ಲಿ, ಅದೇ ನುಸಿಗುಳಿಗೆಯ ವಾಸನೆ ಕುಡಿಯುತ್ತಾ ನನ್ನ ಹನ್ನೊಂದು ಸನ್ಮಾನದ ಶಾಲುಗಳು ಕೂತಿದ್ದವು. ಒಂದಕ್ಕೂ ಏನೂ ಆಗಿಲ್ಲ. ನುಸಿಗೆ ಉಣ್ಣೆ ಬೇಕು, ರೇಷ್ಮೆ ಬೇಕು. ಪಾಲಿಯೆಸ್ಟರ್ ಅದಕ್ಕೆ ಊಟವೇ ಅಲ್ಲ. ಹಾಗಾದರೆ ಮೈಕಿನಲ್ಲಿ 'ಅಪ್ಪಟ ಉಣ್ಣೆ ಶಾಲು' ಅಂತ ಕೂಗಿ ಹೊದಿಸಿದರಲ್ಲ, ಅವರು? ಇರಲಿ ಬಿಡಿ.

ಅಷ್ಟರಲ್ಲಿ ಒಂದು ಪತಂಗ ಹಾರಿತು. ಮನೆಯಾಕೆ ಚಪ್ಪಾಳೆ ಹೊಡೆದು ಕೊಂದಳು. ಹಾರುವ ನುಸಿಪತಂಗಕ್ಕೆ ತಿನ್ನುವ ಬಾಯಿಯೇ ಇಲ್ಲ, ತಿಂದದ್ದೆಲ್ಲ ಹುಳುವಾಗಿದ್ದಾಗ ಅಂತ ನಾನು ವಿವರಿಸಿದೆ. "ಓ, ರಿಟೈರ್ ಆದ್ಮೇಲೆ ಸುಮ್ನೆ ಸುತ್ತೋದು, ನಿಮ್ ಥರ" ಅಂದಳು.

ಇದಕ್ಕೆಲ್ಲ ಮಂಡ್ಯದ ನಮ್ಮ ದೊಡ್ಡವ್ವನೇ ಸರಿ. ಅವಳ ಹತ್ತಿರ ಇದ್ದದ್ದು ಒಂದೇ ಮೈಸೂರು ಸಿಲ್ಕ್. ಮೈಸೂರಿನ ಕಾರ್ಖಾನೆಯಲ್ಲಿ 1912ರಿಂದ ನೇಯುತ್ತಾ ಬಂದಿರುವ ಆ ಸೀರೆಯೇ. ಗಿಳಿಹಸಿರು. ನುಸಿಗುಳಿಗೆ ಅಂದರೆ ಅವಳಿಗೆ ಆಗದು. ತಾಗಿದರೆ ಜರಿ ಕಪ್ಪಾಗುತ್ತೆ, ಮದುವೆಮನೆಯಲ್ಲಿ ಪಕ್ಕದವರು ಎದ್ದು ಹೋಗ್ತಾರೆ ಅನ್ನೋಳು. ಸೀರೆಯನ್ನು ಹಳೇ ಪಂಚೆಯಲ್ಲಿ ಸುತ್ತಿ, ಮಡಿಕೆಯಲ್ಲಿ ಬಜೆ ಬೇರಿನ ತುಂಡು ಸಿಕ್ಕಿಸಿ, ಮೇಲೊಂದು ಮೈಸೂರು ಸ್ಯಾಂಡಲ್ ಸೋಪು ಇಡುತ್ತಿದ್ದಳು, ಡಬ್ಬಿ ಸಮೇತ. ಡಬ್ಬಿಯ ಮೇಲಿನ ಸಿಂಹದ ಮೈ, ಆನೆಯ ತಲೆಯ ಶರಭ ಟ್ರಂಕಿನೊಳಗೆ ಕತ್ತಲಲ್ಲಿ ಕಾವಲು. ಮನೆಗೆ ಬಂದ ಗಂಧದ ಸೋಪು ಮೊದಲು ಸೀರೆಗೆ. ವರ್ಷ ಕಳೆದ ಮೇಲೆ ಬಚ್ಚಲಿಗೆ, ಅಷ್ಟೊತ್ತಿಗೆ ಕಲ್ಲು. ರಜೆಗೆ ಹೋದ ನಮಗೆ ಯಾವಾಗಲೂ ಕೆಂಪು ಸೋಪೇ.

ಒಂದು ಬೇಸಿಗೆ ನಾನು ತಡೆಯಲಾರದೆ ಡಬ್ಬಿಯಿಂದ ಹೊಸ ಸೋಪು ಎಗರಿಸಿದೆ. ಬದಲಿಗೆ ಬಟ್ಟೆ ಸೋಪಿನ ತುಂಡು ತುರುಕಿದೆ. ವಿಶ್ವೇಶ್ವರಯ್ಯ ನಾಲೆಗೆ ಹೋಗಿ ಇಡೀ ಮಧ್ಯಾಹ್ನ ಉಜ್ಜಿಕೊಂಡೆ. ಕೈಯಿಂದ ಜಾರಿದ ಸೋಪನ್ನು ನೀರು ಕೊಂಡು ಹೋಯಿತು. ಸಾಕ್ಷಿ ಹೋಯ್ತು ಅಂತ ಖುಷಿಯೇ ಆಯಿತು! ಮನೆ ಬಾಗಿಲಲ್ಲಿ ದೊಡ್ಡವ್ವ ಅಕ್ಕಿ ಆರಿಸುತ್ತಾ ಕೂತಿದ್ದಳು. ದಾಟುವಾಗ ಮೊರ ಕೆಳಗಿಟ್ಟು ನನ್ನ ನೆತ್ತಿ ಮೂಸಿದಳು. "ಏನ್ಲಾ, ನಿನ್ ಮೈಲಿ ನನ್ ಸೀರೆ ವಾಸ್ನೆ ಬತ್ತಾ ಅದೆ?" ಅಂದಳು. ಬೆನ್ನಿಗೆ ಎರಡು ಬಿತ್ತು. ಬಟ್ಟೆ ಸೋಪು ಸಿಕ್ಕ ಮೇಲೆ ಇನ್ನೂ ಎರಡು.

ಆ ಸೀರೆಗೆ ಕೊನೆಯವರೆಗೂ ಒಂದು ತೂತು ಬೀಳಲಿಲ್ಲ. ಬಜೆಯೋ, ಶರಭನೋ ಅಂತ ಯೋಚಿಸುತ್ತಿದ್ದೆ. ಅವಳು ಯುಗಾದಿ, ಗೌರಿಹಬ್ಬ, ಊರಿನ ಪ್ರತಿ ಮದುವೆಗೂ ಅದನ್ನೇ ತೆಗೆದು ಕೊಡವಿ ಉಡುತ್ತಿದ್ದಳು. ಕತ್ತಲಲ್ಲಿ ಅಲುಗಾಡದೆ ಬಿದ್ದ ಬಟ್ಟೆಯೇ ನುಸಿಗೆ ಇಷ್ಟವಂತೆ. ನನ್ನ ಶಾಲು 'ಒಳ್ಳೇದು' ಅಂತ ಎರಡು ಚಳಿಗಾಲ ಹೊರಗೇ ಬಂದಿರಲಿಲ್ಲ.

ಈಗ ಸನ್ಮಾನದ ಶಾಲು ಹೊದ್ದೇ ವಾಕಿಂಗ್ ಹೋಗುತ್ತೇನೆ. ಬೆಚ್ಚಗಂತೂ ಇಲ್ಲ. ಅಂಚಿನ ಜರಿ ಮಾತ್ರ ಮಂಜಿನಲ್ಲೂ ಮಿಂಚುತ್ತೆ. ಎದುರಾದವರೆಲ್ಲ ಕೇಳುತ್ತಾರೆ: "ಏನ್ ಸಾರ್, ಇಷ್ಟ್ ಬೆಳಿಗ್ಗೇನೇ ಎಲ್ಲಿ ಫಂಕ್ಷನ್ನು?"