ಕಟಿಂಗ್‌ಗೆ ಹೋಗುವ ಮುಂಚೆ ಒಗೆಯಲು ಹಾಕಿದ ಬಟ್ಟೆ ನೋಡಿ

ಹೇರ್‌ಕಟ್ ಬಗ್ಗೆ ಎಲ್ಲಿ ಮಾತು ಬಂದರೂ ಮೊದಲು ಬರುವುದು ಮುಖದ ಆಕಾರ. ದುಂಡು ಮುಖಕ್ಕೆ ಇದು, ಉದ್ದ ಮುಖಕ್ಕೆ ಅದು, ಚೌಕ ಮುಖದವರು ಇದನ್ನು ಮಾಡಿಸಲೇಬಾರದು. ಈ ಪಟ್ಟಿಗಳನ್ನು ನೋಡಿ ನೋಡಿ ನನಗೆ ನಿಜವಾಗಲೂ ಬೇಜಾರು ಬಂದಿದೆ. ಮುಖದ ಆಕಾರ ಲೆಕ್ಕಕ್ಕೇ ಇಲ್ಲ ಅಂತ ಅಲ್ಲ. ಆದರೆ ಎದುರಿಗೆ ಬಂದವರು ನಮ್ಮ ಮುಖ ಒಂದನ್ನೇ ನೋಡುವುದಿಲ್ಲ ಅಲ್ವಾ? ತಲೆ, ಕತ್ತು, ಭುಜ, ಮೈಮೇಲಿನ ಬಟ್ಟೆ, ಎಲ್ಲ ಒಟ್ಟಿಗೇ ಕಣ್ಣಿಗೆ ಬೀಳುತ್ತದೆ. ಹಾಗಿರುವಾಗ ಕೂದಲು ಕತ್ತರಿಸುವ ಮುಂಚೆ "ದಿನಾ ಏನು ಹಾಕುತ್ತೀರಿ?" ಅಂತ ಯಾಕೆ ಯಾರೂ ಕೇಳುವುದಿಲ್ಲ?

ಸಲೂನಿನಲ್ಲಿ ಆಗುವುದನ್ನೇ ನೋಡಿ. ಕುರ್ಚಿಯಲ್ಲಿ ಕೂತ ತಕ್ಷಣ ಕಾಲರ್ ಒಳಕ್ಕೆ ಮಡಚುತ್ತಾರೆ, ಕತ್ತಿಗೆ ಒಂದು ಪಟ್ಟಿ ಸುತ್ತುತ್ತಾರೆ, ಮೇಲಿಂದ ಮೊಣಕಾಲವರೆಗೂ ದೊಡ್ಡ ಬಟ್ಟೆ ಹೊದಿಸುತ್ತಾರೆ. ಆಮೇಲೆ ಕನ್ನಡಿಯಲ್ಲಿ ಉಳಿಯುವುದು ತಲೆ ಮಾತ್ರ. ಅವರು ಕತ್ತರಿಸುವುದೂ ಆ ತಲೆಯನ್ನು ನೋಡಿಕೊಂಡೇ. ಆದರೆ ಎದ್ದ ಮೇಲೆ ಆ ಕೂದಲು ಇರಬೇಕಾಗಿರುವುದು ನಮ್ಮ ಅಂಗಿಯ ಜೊತೆ, ಆ ಅಂಗಿಯನ್ನು ಅವರು ಸರಿಯಾಗಿ ನೋಡಿಯೇ ಇರುವುದಿಲ್ಲ. ತಪ್ಪು ಅವರದ್ದಲ್ಲ. ಹೇಳಬೇಕಾದವರು ನಾವು.

ಹೇಳಬೇಕಾದರೆ ನಮಗೆ ಮೊದಲು ಗೊತ್ತಿರಬೇಕು. ಇದಕ್ಕೆ ಕಪಾಟು ತೆಗೆದು ನೋಡಿದರೆ ಪ್ರಯೋಜನ ಇಲ್ಲ, ಅಲ್ಲಿ ಇರುವುದು ಜಾಸ್ತಿ ನಾವು ಯಾವಾಗಲೋ ಹಾಕೋಣ ಅಂತ ಇಟ್ಟುಕೊಂಡ ಬಟ್ಟೆ. ಒಗೆಯಲು ಹಾಕಿರುವ ರಾಶಿ ನೋಡಿ. ಅದರಲ್ಲಿ ಕಾಲರ್ ಇರುವುದು ಎಷ್ಟು, ದುಂಡು ಕತ್ತಿನ ಟೀ ಶರ್ಟ್ ಎಷ್ಟು, ಟೊಪ್ಪಿಗೆ ಇರುವ ಹುಡಿ ಎಷ್ಟು, ಸಡಿಲ ಕುರ್ತಾ ಎಷ್ಟು, ದೊಡ್ಡ ದೊಡ್ಡ ಪ್ರಿಂಟ್ ಎಷ್ಟು, ಸಾದಾ ಬಣ್ಣ ಎಷ್ಟು. ನಿಮ್ಮ ಕೂದಲು ಹೊಂದಬೇಕಾಗಿರುವುದು ಈ ರಾಶಿಗೆ. ಯಾವುದೋ ಸಮಾರಂಭಕ್ಕೆ ಹಾಕುವ ಒಂದು ಜೊತೆ ಬಟ್ಟೆಗೆ ತಕ್ಕಂತೆ ಕಟ್ ಮಾಡಿಸಿಕೊಂಡರೆ ಆ ದಿನವೇನೋ ಚೆನ್ನಾಗಿ ಕಾಣುತ್ತೀರಿ, ಆದರೆ ತಲೆಕೂದಲು ತಿಂಗಳಿಗೆ ಬೆಳೆಯುವುದು ಸುಮಾರು 1 ಸೆಂಟಿಮೀಟರ್ ಅಥವಾ ಸ್ವಲ್ಪ ಜಾಸ್ತಿ ಅಷ್ಟೇ, ಹಾಗಾಗಿ ಉಳಿದ ದಿನಗಳನ್ನೆಲ್ಲ ಅದೇ ಕಟ್‌ನಲ್ಲಿ ಕಳೆಯಬೇಕು.

ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಜಾಗ ಕತ್ತು. ಬಟ್ಟೆ ಶುರುವಾಗುವುದು ಅಲ್ಲಿ, ಕೂದಲು ಮುಗಿಯುವುದೂ ಹೆಚ್ಚುಕಡಿಮೆ ಅಲ್ಲೇ. ದಿನಾ ಕಾಲರ್ ಇರುವ ಶರ್ಟ್ ಹಾಕುವವರ ಹಿಂದಿನ ಕೂದಲು ಸರಿಯಾಗಿ ಕಾಲರ್ ಅಂಚಿಗೆ ತಾಗುವಷ್ಟಿದ್ದರೆ ಅದು ಕಾಲರ್ ಮೇಲೆ ಕೂತು ಹೊರಕ್ಕೆ ತಿರುಗಿಕೊಳ್ಳುತ್ತದೆ. ಬೆಳಿಗ್ಗೆ ಎಷ್ಟೇ ಬಾಚಿ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ಕಥೆ. ಭುಜದ ಮಟ್ಟದ ಕೂದಲಿಗೂ ಇದೇ ತೊಂದರೆ, ಭುಜಕ್ಕೆ ತಾಗಿದ ತುದಿ ಒಂದು ಕಡೆ ಒಳಕ್ಕೆ, ಇನ್ನೊಂದು ಕಡೆ ಹೊರಕ್ಕೆ. ಅದಕ್ಕೇ ನಾನು ಹೇಳುವುದು, ಕಾಲರ್‌ಗಿಂತ ಎರಡು ಬೆರಳು ಮೇಲೆ ನಿಲ್ಲಿಸಿ, ಇಲ್ಲಾಂದರೆ ಭುಜ ದಾಟಿ ಕೆಳಗೆ ಬರಲಿ. ಮಧ್ಯದ ಅಳತೆ ಬೇಡ.

ಕತ್ತು ಮುಚ್ಚುವ ಸ್ವೆಟರ್, ಹುಡಿ ಹಾಕುವವರದ್ದು ಬೇರೆ ಸಮಸ್ಯೆ. ಹುಡಿಯ ಟೊಪ್ಪಿಗೆ ಕತ್ತಿನ ಹಿಂದೆ ಗಂಟಿನ ಹಾಗೆ ಕೂತಿರುತ್ತದೆ, ಬಿಟ್ಟ ಕೂದಲು ಅದಕ್ಕೆ ಉಜ್ಜಿ ಉಜ್ಜಿ ಒಳಗಡೆ ಸಿಕ್ಕಾಗುತ್ತದೆ. ಗಾಳಿ ಒಣಗಿದ್ದಾಗ ಉಣ್ಣೆ, ನೈಲಾನ್, ಪಾಲಿಯೆಸ್ಟರ್ ಬಟ್ಟೆಗೆ ತಿಕ್ಕಿದ ಕೂದಲಿಗೆ ಸ್ಥಿರ ವಿದ್ಯುತ್ ಹತ್ತಿ ಎಳೆ ಎಳೆಯಾಗಿ ಎದ್ದು ನಿಲ್ಲುತ್ತದೆ. ಅಂಥವರಿಗೆ ಗಲ್ಲದ ಮಟ್ಟಕ್ಕೆ ನಿಲ್ಲುವ ಬಾಬ್ ಚೆನ್ನ, ಅಥವಾ ಎತ್ತಿ ಕಟ್ಟುವಷ್ಟು ಉದ್ದ ಇರಬೇಕು.

ದುಂಡು ಕತ್ತಿನ ಟೀ ಶರ್ಟ್ ಹಾಕಿದರೆ ಕತ್ತಿನ ಹಿಂಭಾಗ ಪೂರ್ತಿ ಕಾಣುತ್ತದೆ. ಆಗ ಅಲ್ಲಿ ಕೂದಲು ಹೇಗೆ ಮುಗಿಯುತ್ತದೆ ಅನ್ನುವುದೇ ದೊಡ್ಡ ವಿಷಯ. ಗೆರೆ ಎಳೆದ ಹಾಗೆ ನೇರವಾಗಿ ಕತ್ತರಿಸಿದರೆ ವಾರದಲ್ಲೇ ಗೆರೆಯ ಕೆಳಗೆ ಹೊಸ ಕೂದಲು ಕಾಣಿಸುತ್ತದೆ. ಕೆಳಕ್ಕೆ ಹೋದ ಹಾಗೆ ಸಣ್ಣದಾಗುತ್ತಾ ಬರುವಂತೆ ಮಾಡಿಸಿದರೆ ಬೆಳೆದರೂ ಗೊತ್ತಾಗುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಿ, ಸುಮ್ನೆ ಕೂತರೆ ಅವರಿಗೆ ರೂಢಿಯಾದದ್ದನ್ನೇ ಮಾಡುತ್ತಾರೆ.

ಕೂದಲು ಮತ್ತು ಬಟ್ಟೆ ಜೊತೆಜೊತೆಗೆ ಬದಲಾಗುವುದು ಹೊಸದೇನಲ್ಲ. 1920ರ ದಶಕದಲ್ಲಿ ಯುರೋಪು, ಅಮೆರಿಕದಲ್ಲಿ ಹೆಂಗಸರ ಉಡುಪು ಸೊಂಟ ಬಿಗಿಯುವುದನ್ನು ಬಿಟ್ಟು ನೇರವಾಗಿ ಇಳಿಯತೊಡಗಿತು, ಜೊತೆಗೆ ತಲೆಗೆ ಅಂಟಿದಂತೆ ಕೂರುವ ಕ್ಲೋಶ್ ಟೋಪಿ ಬಂತು. ದೊಡ್ಡ ತುರುಬಿನ ಮೇಲೆ ಆ ಟೋಪಿ ಕೂರುವುದಿಲ್ಲ, ಗಿಡ್ಡ ಬಾಬ್ ಮೇಲೆ ಸಲೀಸಾಗಿ ಕೂರುತ್ತದೆ. 1960ರ ದಶಕದ ಲಂಡನ್ನಿನಲ್ಲಿ ಮಿನಿ ಸ್ಕರ್ಟ್‌ಗೆ ಹೆಸರಾದ ವಸ್ತ್ರ ವಿನ್ಯಾಸಕಿ ಮೇರಿ ಕ್ವಾಂಟ್ ಅವರ ಕೂದಲನ್ನು ಕತ್ತರಿಸಿದವರು ವಿಡಾಲ್ ಸಸೂನ್. ಅವರ ಬಟ್ಟೆಯಲ್ಲೂ ಇವರ ಕಟ್‌ನಲ್ಲೂ ಅದೇ ನೇರ ಗೆರೆ, ಅದೇ ಸರಳತೆ. ರೋಲರ್ ಸುತ್ತಿ ಡ್ರೈಯರ್ ಕೆಳಗೆ ಗಂಟೆಗಟ್ಟಲೆ ಕೂರುತ್ತಿದ್ದ ಕಾಲದಲ್ಲಿ, ತೊಳೆದು ಒಣಗಿಸಿ ಒಂದು ಸಲ ಕೊಡವಿದರೆ ತನ್ನ ಜಾಗಕ್ಕೆ ತಾನೇ ಬಂದು ಬೀಳುವ ಕೂದಲು! ಕ್ವಾಂಟ್ ಬಟ್ಟೆ ಹಾಕಿ ಓಡಾಡುವ ಹುಡುಗಿಗೆ ಬೇಕಾಗಿದ್ದೂ ಅದೇ.

ನನ್ನ ಪ್ರಕಾರ ಬಟ್ಟೆಗೂ ಕೂದಲಿಗೂ ಹೊಂದಬೇಕಾದ ಇನ್ನೊಂದು ವಿಷಯ ಆರೈಕೆ. ದಿನಾ ಇಸ್ತ್ರಿ ಮಾಡಿದ ಶರ್ಟ್ ಹಾಕುವವರು ಕೂದಲಿಗೂ ಅಷ್ಟೇ ಸಮಯ ಕೊಡುತ್ತಾರೆ, ಅವರಿಗೆ ಗೆರೆ ಸ್ಪಷ್ಟವಾಗಿರುವ ಕಟ್ ಒಪ್ಪುತ್ತದೆ. ಕೈಗೆ ಸಿಕ್ಕ ಟೀ ಶರ್ಟ್ ಹಾಕಿ ಹೊರಡುವವರು ಫೇಡ್, ಅಂದರೆ ಬದಿಯ ಕೂದಲನ್ನು ಕೆಳಕ್ಕೆ ಹೋದ ಹಾಗೆ ತೀರಾ ಸಣ್ಣದಾಗಿಸುವ ಕಟ್, ಮಾಡಿಸಿದರೆ ಏನಾಗುತ್ತದೆ? ಟ್ರಿಮ್ಮರ್‌ನಲ್ಲಿ 1ನೇ ನಂಬರ್ ಅಂದರೆ ಸುಮಾರು 3 ಮಿಲಿಮೀಟರ್. ತಿಂಗಳಲ್ಲಿ ಅದು ಹೆಚ್ಚುಕಡಿಮೆ 13 ಮಿಲಿಮೀಟರ್ ಆಗುತ್ತದೆ, ನಾಲ್ಕು ಪಟ್ಟಿಗಿಂತ ಜಾಸ್ತಿ. ಎರಡು ಮೂರು ವಾರಕ್ಕೇ ಫೇಡ್ ಕಾಣೆ. ಪದೇ ಪದೇ ಹೋಗಿ ಕೂರುವ ಮನಸ್ಸಿದ್ದರೆ ಮಾಡಿಸಿ, ಚೆನ್ನಾಗಿಯೇ ಇರುತ್ತದೆ. ಇಲ್ಲದಿದ್ದರೆ ಕತ್ತರಿಯಲ್ಲೇ ಸ್ವಲ್ಪ ಉದ್ದ ಬಿಟ್ಟು ಮಾಡಿಸಿ, ಬಾಚದಿದ್ದರೂ ಸಡಿಲ ಬಟ್ಟೆಯ ಜೊತೆ ಸಹಜವಾಗಿ ಕಾಣುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹೆಣ್ಣುಮಕ್ಕಳಿಗೆ "ಗಿಡ್ಡ ಕೂದಲಿಗೆ ಪ್ಯಾಂಟ್ ಶರ್ಟೇ ಸರಿ, ಉದ್ದ ಉಡುಪಿಗೆ ಉದ್ದ ಕೂದಲೇ ಬೇಕು" ಅಂತ ಹೇಳುವವರು ಬಹಳ. ನಾನು ಇದನ್ನು ಒಪ್ಪುವುದೇ ಇಲ್ಲ. ಸಡಿಲವಾಗಿ ಕೆಳಗಿಳಿಯುವ ಬಟ್ಟೆಯಲ್ಲಿ ಮೈಯ ಗೆರೆ ಎಲ್ಲೂ ಕಾಣುವುದಿಲ್ಲ. ಅದರ ಮೇಲೆ ಉದ್ದ ಕೂದಲನ್ನೂ ಹರಡಿಬಿಟ್ಟರೆ ಕತ್ತು, ಭುಜ ಎಲ್ಲ ಅದರಲ್ಲೇ ಮುಚ್ಚಿಹೋಗುತ್ತದೆ. ಗಿಡ್ಡ ಕಟ್ ಇದ್ದರೆ ಕತ್ತು ತೆರೆದುಕೊಳ್ಳುತ್ತದೆ, ಕಿವಿಯೋಲೆ ಕಾಣುತ್ತದೆ, ಬಟ್ಟೆಯ ಅಂದವೂ ಎದ್ದು ಕಾಣುತ್ತದೆ. ಯಾರದ್ದೋ ಮಾತಿಗೆ ಹೆದರಿ ಇಷ್ಟದ ಕಟ್ ಬಿಟ್ಟವರನ್ನು ಕಂಡರೆ ನನಗೆ ನೋವಾಗುತ್ತದೆ.

ದೊಡ್ಡ ಪ್ರಿಂಟ್‌ಗಳನ್ನೇ ಹಾಕುವವರು ತುಂಬಾ ಲೇಯರ್, ಅಂದರೆ ಪದರ ಪದರವಾಗಿ ಬೇರೆ ಬೇರೆ ಉದ್ದ, ಮಾಡಿಸಬೇಡಿ, ಕಣ್ಣಿಗೆ ಎಲ್ಲಿ ನಿಲ್ಲಬೇಕು ಅಂತಲೇ ತಿಳಿಯುವುದಿಲ್ಲ. ಸಾದಾ ಬಟ್ಟೆಯವರಿಗೆ ಲೇಯರ್ ಕಳೆ ಕೊಡುತ್ತದೆ. ದಿನಾ ಕೂದಲು ಕಟ್ಟುವವರಾದರೆ ಹಿಂದಿನ ಸ್ಟೆಪ್ ಕಟ್ ಯಾರಿಗೂ ಕಾಣುವುದಿಲ್ಲ, ಗಮನ ಎಲ್ಲ ಹಣೆಯ ಮುಂದಿನ ಕೂದಲಿಗೆ ಕೊಡಿ. ಹೆಲ್ಮೆಟ್, ಟೋಪಿ, ಸ್ಕಾರ್ಫ್ ಕೂಡ ಬಟ್ಟೆಯೇ, ಅದನ್ನೂ ಹೇಳಿ, ಜೆಲ್ ಹಾಕಿ ಎತ್ತಿ ನಿಲ್ಲಿಸುವ ಕಟ್ ಹೆಲ್ಮೆಟ್ ಕೆಳಗೆ ಉಳಿಯುವುದಿಲ್ಲ. ಗುಂಗುರು ಕೂದಲಿನವರು ಒಂದು ಎಚ್ಚರ ಇಟ್ಟುಕೊಳ್ಳಿ: ಒದ್ದೆ ಇದ್ದಾಗ ಕಾಲರ್ ಮಟ್ಟಕ್ಕೆ ಅಳೆದದ್ದು ಒಣಗಿದ ಮೇಲೆ ಕಿವಿಯ ಹತ್ತಿರಕ್ಕೆ ಏರಿರುತ್ತದೆ.

ಹಾಗಾಗಿ ಮುಂದಿನ ಸಲ ಹೋಗುವಾಗ ಹೇಗಿದ್ದರೂ ಕೂದಲು ಬೀಳುತ್ತದೆ ಅಂತ ಹಳೇ ಬಟ್ಟೆ ಹಾಕಿಕೊಂಡು ಹೋಗಬೇಡಿ. ಅತಿ ಹೆಚ್ಚು ಹಾಕುವ ಬಟ್ಟೆಯಲ್ಲೇ ಹೋಗಿ. ಹೊದಿಸುವ ಮುಂಚೆ ಎದ್ದು ನಿಂತು ಒಂದು ಸಲ ಪೂರ್ತಿ ತೋರಿಸಿ, ಫೋನಿನಲ್ಲಿ ಮಾಮೂಲಿ ದಿನದ ಎರಡು ಫೋಟೋ ಇದ್ದರೆ ಅವನ್ನೂ ತೋರಿಸಿ. ಕೆಲಸ ಮುಗಿದ ಮೇಲೆ ಕುರ್ಚಿ ಬಿಡುವ ಮೊದಲೇ ಹೊದಿಸಿದ ಬಟ್ಟೆ ತೆಗೆಸಿ, ಕಾಲರ್ ಹೊರಗೆಳೆದು ಸರಿಮಾಡಿಕೊಂಡು, ಹಿಂದೆ ಕನ್ನಡಿ ಹಿಡಿಸಿ ತಲೆ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಕೂದಲು ಅಂಚಿಗೆ ತಾಗುತ್ತಿದ್ದರೆ ಅಲ್ಲೇ ಹೇಳಿ, ಇನ್ನೂ ಒಂದು ಬೆರಳು ಮೇಲಕ್ಕೆ ತೆಗೆಯಲು ಅವರಿಗೆ ಐದು ನಿಮಿಷವೂ ಬೇಕಾಗುವುದಿಲ್ಲ.